ಪ್ಲಗ್ಗು ಹೊಂದಿದರೆ ಸಾಕೆ?

ಮಂಗಳೂರಿನ ಬಹಳಷ್ಟು ಮನೆಗಳಲ್ಲಿ ಒಂದು ಪುಟ್ಟ ವಸ್ತು ಇದ್ದೇ ಇರುತ್ತದೆ. ಟಿ.ವಿ. ಮೇಜಿನ ಖಾನೆಯಲ್ಲೋ, ಅಡುಗೆಮನೆಯ ಕಪಾಟಿನ ಮೂಲೆಯಲ್ಲೋ, ಹಳೆಯ ಬಿಸ್ಕತ್ತಿನ ಡಬ್ಬದೊಳಗೆ ಸೂಜಿ-ದಾರ, ಟಾರ್ಚಿನ ಸೆಲ್ಲುಗಳ ಜೊತೆಗೋ ಅದು ಸಿಗುತ್ತದೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ಕಿನ ಗಟ್ಟಿ. ಒಂದು ಮುಖದಲ್ಲಿ ಬಗೆಬಗೆಯ ತೂತುಗಳು, ಇನ್ನೊಂದು ಮುಖದಲ್ಲಿ ಗುಂಡನೆಯ ಪಿನ್ನುಗಳು. ಹೆಸರು ಅಡಾಪ್ಟರ್. ಒಂದು ದೇಶದ ಪ್ಲಗ್ಗನ್ನು ಇನ್ನೊಂದು ದೇಶದ ಗೋಡೆಗೆ ಸೇರಿಸುವುದಷ್ಟೇ ಅದರ ಕೆಲಸ. ಅದು ಮಾಡಲಾರದ ಕೆಲಸವನ್ನೂ ಅದರ ತಲೆಗೆ ಕಟ್ಟಿ ಮಿಕ್ಸಿ ಸುಟ್ಟುಕೊಂಡವರು, ಟೇಪ್‌ರೆಕಾರ್ಡರ್ ಕಳೆದುಕೊಂಡವರು, ಶಾಕ್ ಹೊಡೆಸಿಕೊಂಡವರು ಈ ಊರಿನಲ್ಲಿ ಇದ್ದಾರೆ.

ಇತರ ಊರುಗಳಿಗೆ ಅಡಾಪ್ಟರ್ ಹೆಚ್ಚಾಗಿ ಬಂದದ್ದು ಮೊಬೈಲು, ಲ್ಯಾಪ್‌ಟಾಪುಗಳ ಕಾಲದಲ್ಲಿ. ಮಂಗಳೂರಿಗೆ ಅದರ ಪರಿಚಯ ಹಳೆಯದು. ಕೊಲ್ಲಿ ರಾಷ್ಟ್ರಗಳ ನೌಕರಿಯ ಜೊತೆಜೊತೆಗೇ ಅದು ಬಂತು. ಈಗ ಇಲ್ಲಿಂದ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಿಗೆ ಓದಲು ಹೊರಡುವ ಮಕ್ಕಳ ಸೂಟ್‌ಕೇಸಿನಲ್ಲಿ ಅದು ಮತ್ತೆ ಪ್ರಯಾಣಕ್ಕೆ ಸಿದ್ಧವಾಗಿದೆ. ಮಂಗಳೂರನ್ನು ಒಮ್ಮೆ ಈ ಪ್ಲಗ್ಗಿನ ಕಣ್ಣಿನಿಂದ ಸುತ್ತಿ ಬಂದರೆ, ಮಗಳನ್ನೋ ಮಗನನ್ನೋ ಕಳುಹಿಸುವ ತಂದೆತಾಯಿಗೂ ಹೊರಡುವ ವಿದ್ಯಾರ್ಥಿಗೂ ಒಂದಿಷ್ಟು ಉಪಯೋಗವಾದೀತು.

ಗುಡ್ಡದ ಮೇಲೆ ಇಳಿಯುವ ಸಾಮಾನು

ಸುತ್ತಾಟವನ್ನು ಬಜಪೆಯಿಂದಲೇ ಆರಂಭಿಸಬೇಕು. ಕೆಂಜಾರಿನ ಗುಡ್ಡದ ನೆತ್ತಿಯ ಮೇಲಿನ ಈ ವಿಮಾನ ನಿಲ್ದಾಣ ಶುರುವಾದದ್ದು 1951ರಲ್ಲಿ. ಆದರೆ ಇಲ್ಲಿಂದ ನೇರವಾಗಿ ವಿದೇಶಕ್ಕೆ ಹಾರುವ ಭಾಗ್ಯ ಬರಲು 2006ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಕೊಲ್ಲಿಗೆ ಹೋಗುವವರ ದೊಡ್ಡ ಹೆಬ್ಬಾಗಿಲು ಮುಂಬಯಿ. 1982ರವರೆಗೂ ‘ದ್ವಾರಕಾ’ ಎಂಬ ಹಡಗು ಮುಂಬಯಿಗೂ ಕೊಲ್ಲಿಯ ಬಂದರುಗಳಿಗೂ ನಡುವೆ ಓಡಾಡುತ್ತಿತ್ತು. ಹಡಗಿನಲ್ಲಾಗಲಿ ವಿಮಾನದಲ್ಲಾಗಲಿ ಮುಂಬಯಿಗೆ ಬಂದಿಳಿದವರು ಅಲ್ಲಿಂದ ಬಸ್ಸು ಹಿಡಿದು, ಟಾಪಿನ ಮೇಲೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳೊಡನೆ ಊರು ಸೇರುತ್ತಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ.

ಆ ಪೆಟ್ಟಿಗೆಗಳಲ್ಲಿ ಏನಿರುತ್ತಿತ್ತು ಎಂಬುದನ್ನು ಐವತ್ತು ದಾಟಿದ ಮಂಗಳೂರಿಗರು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ: ಟೂ-ಇನ್-ವನ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಎಮರ್ಜೆನ್ಸಿ ಲೈಟು, ಕೆಲವರ ಪಾಲಿಗೆ ವಿ.ಸಿ.ಆರ್. ನೆರೆಕರೆಯವರೆಲ್ಲ ಸೇರಿ ಪೆಟ್ಟಿಗೆ ಬಿಚ್ಚುವುದನ್ನು ನೋಡುತ್ತಿದ್ದ ಕಾಲ ಅದು. ಸಾಮಾನೇನೋ ಬಂತು. ಗೋಡೆಯ ಪ್ಲಗ್ ಪಾಯಿಂಟು ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಲ್ಲಿನ ಪ್ಲಗ್ಗಿಗೆ ಚಪ್ಪಟೆಯಾದ ಚೌಕ ಪಿನ್ನುಗಳು, ಇಲ್ಲಿನ ಗೋಡೆಯಲ್ಲಿ ಗುಂಡನೆಯ ತೂತುಗಳು.

ಚೌಕ ಯಾಕೆ, ಗುಂಡು ಯಾಕೆ?

ಚೌಕ ಪಿನ್ನಿಗೂ ಗುಂಡು ಪಿನ್ನಿಗೂ ತವರು ಒಂದೇ, ಇಂಗ್ಲೆಂಡು. ಅಲ್ಲಿಯವರೂ ಒಂದು ಕಾಲಕ್ಕೆ ಗುಂಡು ಪಿನ್ನಿನವರೇ. ಭಾರತದ ಮೂರು ಪಿನ್ನಿನ ಪ್ಲಗ್ಗು ಅವರ ಆ ಹಳೆಯ ಮಾದರಿಯ ಸಂತಾನ. ಎರಡನೇ ಮಹಾಯುದ್ಧದ ಬಳಿಕ ಮನೆಗಳನ್ನು ಹೊಸದಾಗಿ ಕಟ್ಟಿಕೊಳ್ಳುವಾಗ ಅವರು ಚೌಕ ಪಿನ್ನಿನ 13 ಆಂಪಿಯರ್ ಪ್ಲಗ್ಗಿಗೆ ಬದಲಾದರು. ಅದರ ಮಾನದಂಡ ಪ್ರಕಟವಾದದ್ದು 1947ರಲ್ಲಿ. ಅದೇ ವರ್ಷ ಇಂಗ್ಲಿಷರು ಭಾರತ ಬಿಟ್ಟು ಹೋದರು. ಅವರ ಹಳೆಯ ಪ್ಲಗ್ಗು ಇಲ್ಲೇ ಉಳಿಯಿತು.

ದುಬೈ, ಬಹರೈನ್, ಕತಾರ್, ಕುವೈತ್‌ಗಳ ಕಥೆ ಬೇರೆ. ಕುವೈತ್ 1961ರವರೆಗೆ, ಉಳಿದವು 1971ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದವು. ದುಬೈಯಲ್ಲಿ ವಿದ್ಯುತ್ ಕಂಪನಿ ಸ್ಥಾಪನೆಯಾದದ್ದೇ 1959ರಲ್ಲಿ. ಹೊಸದಾಗಿ ತಂತಿ ಎಳೆದವರಿಗೆ ಹೊಸ ಚೌಕ ಪ್ಲಗ್ಗೇ ಸಿಕ್ಕಿತು. ಆದರೆ ಕರೆಂಟಿನ ಗುಣದಲ್ಲಿ ಆ ದೇಶಗಳಿಗೂ ಭಾರತಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅಲ್ಲೂ 220ರಿಂದ 240 ವೋಲ್ಟ್, ಇಲ್ಲೂ 230 ವೋಲ್ಟ್. ಅಲ್ಲೂ ಸೆಕೆಂಡಿಗೆ 50 ಆವರ್ತ, ಇಲ್ಲೂ ಅಷ್ಟೇ.

ಸೌದಿ ಅರೇಬಿಯಾದ ದಾರಿ ಮತ್ತೊಂದು. ಅಲ್ಲಿ 1938ರಲ್ಲಿ ತೈಲ ಕಂಡವರು ಅಮೆರಿಕದ ಕಂಪನಿಯವರು. ಹಾಗಾಗಿ ಅಲ್ಲಿನ ಮನೆಗಳಿಗೆ ದೀರ್ಘಕಾಲ ಬಂದದ್ದು ಅಮೆರಿಕದ ಹಾಗೆ ಕಡಿಮೆ ವೋಲ್ಟೇಜಿನ, ಅಂದರೆ 110-127 ವೋಲ್ಟಿನ, 60 ಆವರ್ತದ ಕರೆಂಟು. ಇದನ್ನು ಹಂತಹಂತವಾಗಿ 230 ವೋಲ್ಟಿಗೆ ಏರಿಸುವ ತೀರ್ಮಾನವನ್ನು ಅಲ್ಲಿನ ಸರಕಾರ ಕೈಗೊಂಡದ್ದು 2010ರಲ್ಲಿ.

ಹೀಗಾಗಿ ಮಂಗಳೂರಿಗೆ ಬರುತ್ತಿದ್ದ ಪೆಟ್ಟಿಗೆಗಳಲ್ಲಿ ಎರಡು ಜಾತಿ. ದುಬೈ ಪೆಟ್ಟಿಗೆಗೆ ಬೇಕಾದದ್ದು ಸರಿಯಾದ ಪ್ಲಗ್ಗು ಮಾತ್ರ. ಸೌದಿ ಪೆಟ್ಟಿಗೆಗೆ ಅಷ್ಟು ಸಾಲದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾದ ರಟ್ಟಿನ ಡಬ್ಬ, ಒಂದೇ ಜಪಾನಿ ಹೆಸರು. ಸಂಕಟ ಶುರುವಾದದ್ದೇ ಅಲ್ಲಿ.

ರಿಪೇರಿ ಮೇಜಿನ ಮೇಲೆ

ಬಜಪೆಯಿಂದ ಇಳಿಯುವ ರಸ್ತೆ ಮರವೂರಿನ ಸೇತುವೆ ದಾಟಿ, ಕಾವೂರು, ಬೊಂದೇಲು, ಯೆಯ್ಯಾಡಿಗಳನ್ನು ಹಾದು ಕೆಪಿಟಿ ವೃತ್ತಕ್ಕೆ ಬರುತ್ತದೆ. ಕೆಪಿಟಿ ಎಂದರೆ ಕರ್ನಾಟಕ ಪಾಲಿಟೆಕ್ನಿಕ್. ಎಷ್ಟೋ ಮಂದಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಇಲ್ಲಿಂದಲೇ ವಿದೇಶದ ವಿಮಾನ ಹತ್ತಿದ್ದಾರೆ. ಅಲ್ಲಿಂದ ಮುಂದೆ ಹಂಪನಕಟ್ಟೆಯ ಸುತ್ತಮುತ್ತಲ ಗಲ್ಲಿಗಳಲ್ಲಿ ಟೇಪು, ರೇಡಿಯೊ, ಮಿಕ್ಸಿ ರಿಪೇರಿಯ ಸಣ್ಣ ಸಣ್ಣ ಅಂಗಡಿಗಳಿದ್ದ ಕಾಲವೊಂದಿತ್ತು. ಸೀಸ ಕರಗಿದ ವಾಸನೆ, ಮೇಜಿನ ತುಂಬ ಬಿಚ್ಚಿಟ್ಟ ಯಂತ್ರಗಳ ಕರುಳು. ಸಾಮಾನು ಹಿಡಿದು ಬಂದವರಿಗೆ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಒಂದೇ: “ಇದು ಸೌದಿಯದ್ದಾ, ದುಬೈಯದ್ದಾ?”

ಸೌದಿಯದ್ದು ಎಂದರೆ ಅವನು ಅದನ್ನು ಮಗುಚಿ ಹಾಕಿ ಹಿಂಬದಿ ನೋಡುತ್ತಿದ್ದ. ಆಗಿನ ಅನೇಕ ಟೇಪ್‌ರೆಕಾರ್ಡರುಗಳ ಬೆನ್ನಿನಲ್ಲಿ ನಾಣ್ಯದಿಂದ ತಿರುಗಿಸುವಂಥ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಸುತ್ತ 110, 127, 220, 240 ಎಂಬ ಅಂಕಿಗಳು. ಊರು ಬದಲಾದರೆ ಆ ಗುಂಡಿಯನ್ನೂ ತಿರುಗಿಸಬೇಕು. ಸೌದಿಯಲ್ಲಿ 110ರಲ್ಲೇ ಇದ್ದ ಗುಂಡಿಯನ್ನು ಹಾಗೆಯೇ ಬಿಟ್ಟು, ಅಡಾಪ್ಟರ್ ಸಿಕ್ಕಿಸಿ, ಸ್ವಿಚ್ ಹಾಕಿದರೆ ‘ಫಟ್’ ಎಂಬ ಸದ್ದು, ತೆಳ್ಳಗಿನ ಹೊಗೆ, ಅಷ್ಟೇ. “ಎಂಥ ಮಾರಾಯ್ರೆ, ಹಿಂದಿನ ಗುಂಡಿ ನೋಡ್ಲಿಲ್ವಾ?” ಎಂದು ಮೆಕ್ಯಾನಿಕ್ ಕೇಳುವ ಹೊತ್ತಿಗೆ ಒಳಗಿನ ಟ್ರಾನ್ಸ್‌ಫಾರ್ಮರ್ ಕರಕಲಾಗಿರುತ್ತಿತ್ತು. ವರ್ಷಗಟ್ಟಲೆ ಮರಳುಗಾಡಿನ ಬಿಸಿಲಿನಲ್ಲಿ ದುಡಿದು ತಂದ ಸಾಮಾನು ಒಂದು ಹಾಡನ್ನೂ ಹಾಡದೆ ಮೂಲೆ ಸೇರುತ್ತಿತ್ತು.

ಯಾಕೆ ಹೀಗೆ? ವೋಲ್ಟೇಜೆಂದರೆ ಕರೆಂಟನ್ನು ತಳ್ಳುವ ಒತ್ತಡ. ನೀರಿನ ಟ್ಯಾಂಕನ್ನು ಒಂದನೇ ಮಾಳಿಗೆಯ ಮೇಲಿಟ್ಟರೆ ನಲ್ಲಿಯಲ್ಲಿ ಬರುವ ರಭಸವೇ ಬೇರೆ, ಎರಡನೇ ಮಾಳಿಗೆಯ ಮೇಲಿಟ್ಟರೆ ಬರುವ ರಭಸವೇ ಬೇರೆ. ಒತ್ತಡ ಇಮ್ಮಡಿಯಾದರೆ ಕಾಯುವ ತಂತಿಯಲ್ಲಿ ಹರಿಯುವ ಕರೆಂಟೂ ಇಮ್ಮಡಿಯಾಗುತ್ತದೆ. ಹುಟ್ಟುವ ಶಾಖ ಇವೆರಡರ ಗುಣಲಬ್ಧವಾದ್ದರಿಂದ ಅದು ನಾಲ್ಕು ಪಟ್ಟಾಗುತ್ತದೆ.

ಹೈಸ್ಕೂಲಿನ ಲೆಕ್ಕವನ್ನೇ ಮಾಡಿ ನೋಡಬಹುದು. ಅಮೆರಿಕದ 120 ವೋಲ್ಟಿನ, 1200 ವಾಟಿನ ಕೂದಲು ಒಣಗಿಸುವ ಯಂತ್ರ ಅಲ್ಲಿ ಎಳೆಯುವುದು 10 ಆಂಪಿಯರ್. ಅಂದರೆ ಅದರ ತಂತಿಯ ರೋಧ 12 ಓಮ್. ಅದನ್ನೇ ಮಂಗಳೂರಿನ 230 ವೋಲ್ಟಿಗೆ ಸಿಕ್ಕಿಸಿದರೆ 19 ಆಂಪಿಯರ್ ಎಳೆದು ಸುಮಾರು 4400 ವಾಟ್ ಶಾಖ ಉಗುಳಲು ನೋಡುತ್ತದೆ. ತಂತಿ ಕರಗಬಹುದು, ಪ್ಲಾಸ್ಟಿಕ್ ಹೊತ್ತಿಕೊಳ್ಳಬಹುದು. ತಿರುಗುಮುರುಗಾದರೆ ಅಪಾಯ ಕಡಿಮೆ, ನಿರಾಸೆ ಹೆಚ್ಚು. ಇಲ್ಲಿನ 1000 ವಾಟಿನ ಇಸ್ತ್ರಿಪೆಟ್ಟಿಗೆ ಅಮೆರಿಕದ 120 ವೋಲ್ಟಿನಲ್ಲಿ ಸುಮಾರು 270 ವಾಟಿನಷ್ಟೇ ಕಾಯುತ್ತದೆ. ಅಂಗಿಯ ಮಡಿಕೆ ಹಾಗೆಯೇ ಉಳಿಯುತ್ತದೆ.

ಇಂಥ ಎರಡು ಲೋಕ ಹುಟ್ಟಿದ್ದಕ್ಕೂ ಕಾರಣವಿದೆ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ದೀಪ ಹೊತ್ತಿಸಿದ್ದು 110 ವೋಲ್ಟಿನಲ್ಲಿ. ಅಮೆರಿಕ ಆ ನೆಲೆಯಿಂದ ಹೆಚ್ಚು ದೂರ ಹೋಗಲಿಲ್ಲ. ಬರ್ಲಿನ್ನಿನ ವಿದ್ಯುತ್ ಕಂಪನಿ 1899ರಲ್ಲಿ 220ಕ್ಕೆ ಏರಿತು. ಒತ್ತಡ ಇಮ್ಮಡಿಯಾದರೆ ಅಷ್ಟೇ ಕೆಲಸಕ್ಕೆ ಅರ್ಧ ಕರೆಂಟು ಸಾಕು. ತಂತಿ ತೆಳುವಾದರೂ ನಡೆಯುತ್ತದೆ, ತಾಮ್ರದ ಖರ್ಚು ಉಳಿಯುತ್ತದೆ. ಯೂರೋಪಿನ ಬಹುಭಾಗ ಆ ದಾರಿ ಹಿಡಿಯಿತು.

ಕತ್ತರಿಸಿದ ಪ್ಲಗ್ಗು

ಹಾಗಾದರೆ ವೋಲ್ಟೇಜ್ ಹೊಂದುವ ದುಬೈ ಸಾಮಾನಿಗೆ ತೊಂದರೆಯೇ ಇಲ್ಲವೆ? ಇದೆ. ಅದು ಪ್ಲಗ್ಗನ್ನು ಕತ್ತರಿಸುವಾಗ ಬರುತ್ತದೆ.

ಚೌಕ ಪ್ಲಗ್ಗಿನ ಹೊಟ್ಟೆಯೊಳಗೆ ಒಂದು ಪುಟ್ಟ ಫ್ಯೂಸ್ ಇದೆ. 3 ಆಂಪಿಯರಿನದೋ 13 ಆಂಪಿಯರಿನದೋ ಆದ ಈ ಫ್ಯೂಸ್ ಆ ಯಂತ್ರದ ವಯರಿಗೆ ಕಾವಲುಗಾರ. ವಯರಿನೊಳಗೆ ಶಾರ್ಟ್ ಆದರೆ ಮೊದಲು ಅದು ಸಾಯುತ್ತದೆ, ವಯರು ಉಳಿಯುತ್ತದೆ. ಭಾರತದ ಸಾಮಾನ್ಯ ಪ್ಲಗ್ಗಿನಲ್ಲಿ ಇಂಥ ಫ್ಯೂಸ್ ಇಲ್ಲ. ಚೌಕ ಪ್ಲಗ್ಗನ್ನು ಕತ್ತರಿಸಿ ಗುಂಡು ಪ್ಲಗ್ಗು ಹಾಕಿದರೆ ಆ ಕಾವಲುಗಾರನನ್ನೇ ಕಸದ ಬುಟ್ಟಿಗೆ ಎಸೆದಂತೆ. ಅಂಥ ಮನೆಯಲ್ಲಿ ಸ್ವಿಚ್‌ಬೋರ್ಡಿನ ಫ್ಯೂಸೋ ಎಂಸಿಬಿಯೋ ಸರಿಯಾದ ಅಳತೆಯದಾಗಿರಬೇಕು. ಕಟ್ಟಿದ ದಪ್ಪ ತಾಮ್ರದ ತಂತಿ ಫ್ಯೂಸ್ ಅಲ್ಲ.

ಬಣ್ಣದ ವಿಷಯವೂ ಇದೆ. ಭಾರತದ ಹಳೆಯ ವಯರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತಿಂಗ್. ಈಚಿನ ಯಂತ್ರಗಳ ವಯರುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತಿಂಗ್. ಅಮೆರಿಕದ ಪದ್ಧತಿಯಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಇಲ್ಲಿನ ಅಭ್ಯಾಸದಂತೆ ಕಪ್ಪನ್ನು ನ್ಯೂಟ್ರಲ್ ಎಂದು ತಿಳಿದು ಜೋಡಿಸಿದರೆ, ಸ್ವಿಚ್ ಆರಿಸಿದ ಮೇಲೂ ಯಂತ್ರದೊಳಗೆ ಫೇಸ್ ಉಳಿಯುವ ಸಾಧ್ಯತೆ ಇದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮೂರನೇ ಪಿನ್ನಿನದು. ಅಗ್ಗದ ಅಡಾಪ್ಟರುಗಳಲ್ಲಿ ಅನೇಕವು ಮೂರು ತೂತು ತೋರಿಸಿ ಎರಡೇ ಪಿನ್ನು ಹೊರಗೆ ಬಿಡುತ್ತವೆ. ಅರ್ತಿಂಗಿನ ದಾರಿ ಅಲ್ಲಿಗೇ ಕಡಿದು ಹೋಗುತ್ತದೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು, ಗ್ರೈಂಡರುಗಳಂಥ ಲೋಹದ ಮೈಯ ಯಂತ್ರಗಳಿಗೆ ಇದು ಪ್ರಾಣಕ್ಕೇ ಸಂಚಕಾರ. ಚೌಕ ಸಾಕೆಟ್ಟಿನ ಎರಡು ತೂತುಗಳಿಗೆ ಒಳಗೊಂದು ಮುಚ್ಚಳವಿರುತ್ತದೆ. ಉದ್ದನೆಯ ಅರ್ತಿಂಗ್ ಪಿನ್ನು ಒಳಗೆ ಹೋದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಮಕ್ಕಳ ಬೆರಳು, ಹೇರ್‌ಪಿನ್ನು ಒಳಗೆ ಹೋಗದಿರಲೆಂದು ಮಾಡಿದ ಏರ್ಪಾಡು ಅದು. ಪೆನ್ನಿನ ತುದಿಯನ್ನೋ ಕಡ್ಡಿಯನ್ನೋ ಮೇಲಿನ ತೂತಿಗೆ ಚುಚ್ಚಿ, ಎರಡು ಪಿನ್ನಿನ ಇಲ್ಲಿನ ಚಾರ್ಜರನ್ನು ತುರುಕುವ ‘ಉಪಾಯ’ವನ್ನು ಹಾಸ್ಟೆಲುಗಳಲ್ಲಿ ಹಿರಿಯರು ಕಿರಿಯರಿಗೆ ಕಲಿಸುತ್ತಾರೆ. ಅದನ್ನು ಕಲಿಯದಿರುವುದೇ ಲೇಸು.

ಕೆಲವು ಯಂತ್ರಗಳಿಗೆ ಎರಡು ಪಿನ್ನು ಸಾಕು. ಅವುಗಳ ಚೀಟಿಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ. ಒಳಗೆ ಎರಡು ಪದರದ ನಿರೋಧಕ ಹೊದಿಕೆ ಇದೆ, ಅರ್ತಿಂಗ್ ಬೇಕಿಲ್ಲ ಎಂಬುದು ಅದರ ಅರ್ಥ. ಆ ಗುರುತಿಲ್ಲದ, ಮೂರು ಪಿನ್ನಿನ ಯಂತ್ರಕ್ಕೆ ಮೂರೂ ಪಿನ್ನು ಸಿಗಲೇಬೇಕು.

ಪಣಂಬೂರಿನ ಹಡಗು

ಊರಿನಿಂದ ಉತ್ತರಕ್ಕೆ ಕೂಳೂರು ದಾಟಿದರೆ ಪಣಂಬೂರು. ಇಲ್ಲಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ತೈಲದ ಹಡಗು, ಕಲ್ಲಿದ್ದಲಿನ ಹಡಗುಗಳ ನಡುವೆ ಪ್ರವಾಸಿ ಹಡಗುಗಳೂ ಬರುತ್ತವೆ. ಅದರಲ್ಲಿ ಬಂದವರು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಿತ್ರಾಲಂಕೃತ ಪ್ರಾರ್ಥನಾ ಮಂದಿರಗಳನ್ನು ನೋಡಿಕೊಂಡು ಸಂಜೆ ಹಡಗಿಗೆ ಮರಳುತ್ತಾರೆ.

ಪ್ಲಗ್ಗಿನ ಕಥೆಗೆ ಹಡಗು ಯಾಕೆ ಬಂತು? ದೊಡ್ಡ ಹಡಗುಗಳಲ್ಲಿ ಬಹಳಷ್ಟು ತಮ್ಮೊಳಗೆ 60 ಆವರ್ತದ ಕರೆಂಟು ಉತ್ಪಾದಿಸಿಕೊಳ್ಳುತ್ತವೆ. ದಡದಲ್ಲಿರುವುದು 50 ಆವರ್ತ. ದಡದ ತಂತಿಯನ್ನು ಸುಮ್ಮನೆ ಎಳೆದು ಅಂಥ ಹಡಗಿಗೆ ಸಿಕ್ಕಿಸಲು ಬರುವುದಿಲ್ಲ. ಆವರ್ತವನ್ನೇ ಬದಲಿಸುವ ದೊಡ್ಡ ಯಂತ್ರ ಬೇಕು.

ಮನೆಯ ಮಟ್ಟದಲ್ಲೂ ಈ ಮಾತು ನಿಜ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸುತ್ತದೆ, ಇಳಿಸುತ್ತದೆ, ಆವರ್ತವನ್ನು ಮುಟ್ಟುವುದಿಲ್ಲ. ಅಮೆರಿಕದಿಂದ ತಂದ, ಕರೆಂಟಿನ ಆವರ್ತವನ್ನೇ ಎಣಿಸಿ ನಡೆಯುವ ಹಳೆಯ ಗೋಡೆ ಗಡಿಯಾರವನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಇಲ್ಲಿ ಓಡಿಸಿದರೆ ಅದು ಸುಡುವುದಿಲ್ಲ, ಆದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಸರಿಮಾಡಿಟ್ಟರೆ, ಶಾಲೆಯಲ್ಲಿ ಒಂಬತ್ತರ ಗಂಟೆ ಬಾರಿಸುವಾಗ ಅದರಲ್ಲಿ ಇನ್ನೂ ಎಂಟೂವರೆ! ಅಂಥದ್ದೇ ಮೋಟಾರಿನ ರೆಕಾರ್ಡ್ ಪ್ಲೇಯರಿನಲ್ಲಿ ಹಾಡು ತೂಕಡಿಸುತ್ತದೆ. ಜಪಾನಿನಲ್ಲಂತೂ ಒಂದೇ ದೇಶದೊಳಗೆ ಎರಡು ಆವರ್ತಗಳು. ಪೂರ್ವದ ಟೋಕಿಯೋ ಜರ್ಮನಿಯ ಯಂತ್ರ ತರಿಸಿ 50ಕ್ಕೆ ಒಗ್ಗಿಕೊಂಡಿತು, ಪಶ್ಚಿಮದ ಒಸಾಕಾ ಅಮೆರಿಕದ ಯಂತ್ರ ತರಿಸಿ 60ಕ್ಕೆ ಒಗ್ಗಿತು. 2011ರ ಭೂಕಂಪದ ನಂತರ ಪೂರ್ವಕ್ಕೆ ಕರೆಂಟು ಸಾಲದೆ ಬಂದಾಗ ಪಶ್ಚಿಮದಿಂದ ಬೇಕಾದಷ್ಟು ಕಳುಹಿಸಲು ಈ ಭೇದವೇ ಅಡ್ಡಿಯಾಯಿತು.

ಸುರತ್ಕಲ್ಲಿನ ಸೂಟ್‌ಕೇಸು

ಪಣಂಬೂರಿನಿಂದ ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಸುರತ್ಕಲ್. 1960ರಲ್ಲಿ ಕೆ.ಆರ್.ಇ.ಸಿ. ಎಂಬ ಹೆಸರಿನಲ್ಲಿ ಆರಂಭವಾಗಿ 2002ರಲ್ಲಿ ಎನ್.ಐ.ಟಿ.ಕೆ. ಆದ ಎಂಜಿನಿಯರಿಂಗ್ ಕಾಲೇಜು ಕಡಲ ದಂಡೆಯಲ್ಲೇ ಇದೆ. ಇಲ್ಲಿಂದಲೂ ನಗರದ ಇತರ ಕಾಲೇಜುಗಳಿಂದಲೂ ಹೆಚ್ಚಿನ ಓದಿಗೆ ಹೊರಡುವವರ ಮನೆಗಳಲ್ಲಿ ಜುಲೈ-ಆಗಸ್ಟ್ ಎಂದರೆ ಸೂಟ್‌ಕೇಸು ಕಟ್ಟುವ ತಿಂಗಳು. ಮಗುವಿಗೆ ಅಲ್ಲಿ ನೀರುದೋಸೆಗೆ ಅಕ್ಕಿ ಅರೆಯಬೇಕಲ್ಲ, ತೆಂಗಿನಕಾಯಿ ಮಸಾಲೆ ಇಲ್ಲದೆ ಊಟ ಸೇರುವುದುಂಟೆ ಎಂಬುದು ಅಮ್ಮನ ಚಿಂತೆ. ಮಿಕ್ಸಿ ಸೂಟ್‌ಕೇಸಿಗೆ ಹೋಗುವುದೇ ಹಾಗೆ.

ಹೋಗುವ ದೇಶ ಯಾವುದೆಂದು ಮೊದಲು ಕೇಳಬೇಕು. ಇಂಗ್ಲೆಂಡ್, ಐರ್ಲೆಂಡ್, ಸಿಂಗಪುರ, ಮಲೇಶಿಯಾ, ದುಬೈಗಳಾದರೆ ಕರೆಂಟು ಇಲ್ಲಿನಂತೆಯೇ, ಪ್ಲಗ್ಗು ಚೌಕ. ಜರ್ಮನಿ, ಫ್ರಾನ್ಸ್‌ಗಳಲ್ಲೂ 230 ವೋಲ್ಟ್, 50 ಆವರ್ತ; ಪಿನ್ನು ಗುಂಡನೆಯವೇ ಆದರೂ ಮೂರು ಪಿನ್ನಿನ ಭಾರತೀಯ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕರೆಂಟು ಇಲ್ಲಿಯಂತೆಯೇ, ಚಪ್ಪಟೆ ಪಿನ್ನುಗಳು ಮಾತ್ರ ಓರೆ. ಈ ದೇಶಗಳಿಗೆಲ್ಲ ಒಳ್ಳೆಯ ಅಡಾಪ್ಟರ್ ಸಾಕು. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಆವರ್ತ. ಜಪಾನಿನಲ್ಲಿ 100 ವೋಲ್ಟ್. ಇಲ್ಲಿಗೆ ಬರಿಯ ಅಡಾಪ್ಟರ್ ಸಾಲದು.

ಎರಡನೆಯದಾಗಿ ಯಂತ್ರದ ಚೀಟಿ ಓದಬೇಕು. ಅದು ತಳಭಾಗದಲ್ಲೋ ಬೆನ್ನಿನಲ್ಲೋ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪಿನ ಚಾರ್ಜರುಗಳಲ್ಲಿ ಬಹುತೇಕ ಎಲ್ಲದರ ಮೇಲೂ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಆವರ್ತ ಎಂಬ ಲೆಕ್ಕ. ಬರುವ ಕರೆಂಟು ಯಾವುದೇ ಇರಲಿ, ಒಳಗಿನ ಸರ್ಕಿಟ್ಟು ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ. ಇವುಗಳಿಗೆ ಎಲ್ಲಿ ಹೋದರೂ ಅಡಾಪ್ಟರ್ ಸಾಕು. ಕನ್ವರ್ಟರಿಗೆ ಸಿಕ್ಕಿಸುವುದು ವ್ಯರ್ಥ. ಚೀಟಿಯಲ್ಲಿ 220-240 ಎಂದಷ್ಟೇ ಇದ್ದರೆ ಅದು ಅಮೆರಿಕದ ಗೋಡೆಯಲ್ಲಿ ಕೆಲಸ ಮಾಡುವುದಿಲ್ಲ. 120 ಎಂದಷ್ಟೇ ಇದ್ದರೆ ಅದನ್ನು ಇಲ್ಲಿನ ಗೋಡೆಗೆ ಹಚ್ಚಕೂಡದು.

ಕನ್ವರ್ಟರ್ ಕೊಳ್ಳುವ ಮುನ್ನ

ಇಲ್ಲಿನ ಮಿಕ್ಸಿಯನ್ನು ಅಮೆರಿಕದಲ್ಲಿ ಓಡಿಸಲೇಬೇಕೆಂದರೆ 120 ವೋಲ್ಟನ್ನು ಏರಿಸಿ ಕೊಡುವ ಟ್ರಾನ್ಸ್‌ಫಾರ್ಮರ್ ಬೇಕು. ಒಳಗೆ ಕಬ್ಬಿಣದ ಹಾಳೆಗಳ ಸುತ್ತ ತಾಮ್ರದ ಸುತ್ತುಗಳು. ಒಂದು ಕಡೆಯ ಸುತ್ತುಗಳಿಗಿಂತ ಇನ್ನೊಂದು ಕಡೆಯವು ಇಮ್ಮಡಿಯಾದರೆ ವೋಲ್ಟೇಜೂ ಇಮ್ಮಡಿ. ತತ್ತ್ವ ಸರಳ, ತೂಕ ಭಾರಿ.

ಅದರ ಸಾಮರ್ಥ್ಯವನ್ನು ಲೆಕ್ಕ ಹಾಕುವಲ್ಲಿ ಹಲವರು ಎಡವುತ್ತಾರೆ. ಮಿಕ್ಸಿ 750 ವಾಟಿನದೆಂದು 750ರ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆದ್ದರಿಂದ ಮೋಟಾರಿನ ಯಂತ್ರಕ್ಕೆ ಕನಿಷ್ಠ ಇಮ್ಮಡಿ, ಅಂದರೆ 1500ರ ಟ್ರಾನ್ಸ್‌ಫಾರ್ಮರ್ ಇರಬೇಕು. ಶಾಖದ ಯಂತ್ರಗಳಿಗೆ ಕಾಲು ಭಾಗದಷ್ಟು ಹೆಚ್ಚಿನದು ಸಾಕು. ಬ್ರಷ್ ಇರುವ ಮಿಕ್ಸಿ ಮೋಟಾರಿಗೆ 50-60ರ ಭೇದ ಅಷ್ಟಾಗಿ ತಟ್ಟುವುದಿಲ್ಲ. ಇಂಡಕ್ಷನ್ ಮೋಟಾರಿನ ವೆಟ್ ಗ್ರೈಂಡರ್ ಮಾತ್ರ 60ರಲ್ಲಿ ಐದನೇ ಒಂದು ಪಾಲು ಹೆಚ್ಚು ವೇಗವಾಗಿ ತಿರುಗಲು ನೋಡುತ್ತದೆ. ಇಷ್ಟೆಲ್ಲ ತೂಕ, ಖರ್ಚಿನ ಬದಲು 110 ವೋಲ್ಟಿನ ಮಿಕ್ಸಿಯನ್ನೇ ಕೊಳ್ಳುವುದು ಜಾಣತನ. ಭಾರತದ ಕಂಪನಿಗಳೇ ಅಂಥ ಮಾದರಿಗಳನ್ನು ತಯಾರಿಸುತ್ತವೆ.

ಅಂಗೈಯಲ್ಲಿ ಹಿಡಿಯುವಷ್ಟು ಹಗುರಾದ, ಸಾವಿರಾರು ವಾಟ್ ತಡೆಯುತ್ತೇನೆ ಎನ್ನುವ ಕನ್ವರ್ಟರುಗಳೂ ಮಾರಾಟಕ್ಕಿವೆ. ಇವುಗಳಲ್ಲಿ ಅನೇಕವು ಟ್ರಾನ್ಸ್‌ಫಾರ್ಮರ್ ಅಲ್ಲ, ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವ ಸರ್ಕಿಟ್ಟುಗಳು. 230 ವೋಲ್ಟಿನ ಊರಿನಲ್ಲಿ ಅಮೆರಿಕದ ಸಾದಾ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಬಳಸಲು ಆದಾವು. ಎಲೆಕ್ಟ್ರಾನಿಕ್ ಭಾಗಗಳಿರುವ ಯಾವುದಕ್ಕೂ ಸಲ್ಲವು. ಇಡೀ ರಾತ್ರಿ ಉರಿಸಿಡಲಂತೂ ಕೂಡದು.

ಬಿಟ್ಟು ಹೋಗಬೇಕಾದ ವಸ್ತುಗಳ ಪಟ್ಟಿಯೂ ಮುಖ್ಯ. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ರೈಸ್ ಕುಕ್ಕರುಗಳನ್ನು ಅಮೆರಿಕಕ್ಕೆ ಹೊರುವುದು ವ್ಯರ್ಥ, ಅಲ್ಲೇ ಸಿಗುತ್ತವೆ. ಅನೇಕ ಹಾಸ್ಟೆಲುಗಳಲ್ಲಿ ಕೋಣೆಯೊಳಗೆ ಕಾಯಿಲ್, ಸ್ಟವ್ ಬಳಸಲು ಅನುಮತಿಯೂ ಇರುವುದಿಲ್ಲ. ಗೋಡೆಯ ಕರೆಂಟು ಕೇಳದ ಪ್ರೆಷರ್ ಕುಕ್ಕರ್ ಧಾರಾಳವಾಗಿ ಹೋಗಲಿ. ಅಲ್ಲಿ ಇಂಡಕ್ಷನ್ ಒಲೆ ಇದ್ದರೆ ಮಾತ್ರ, ಆಯಸ್ಕಾಂತ ಅಂಟುವ ತಳದ ಕುಕ್ಕರ್ ಬೇಕು. ಕುಚ್ಚಲಕ್ಕಿ ಬೇಯಿಸಲು ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ.

ಮಳೆಗಾಲದ ಊರಿನಲ್ಲಿ

ವಿದೇಶದ ಸಾಮಾನು ಮಂಗಳೂರಿಗೆ ಬಂದ ಮೇಲೆ ಎದುರಿಸಬೇಕಾದದ್ದು ಇಲ್ಲಿನ ಹವೆಯನ್ನು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಕಡಲ ಗಾಳಿಯ ಉಪ್ಪು ಪಿನ್ನುಗಳಿಗೆ, ಸ್ವಿಚ್ಚಿನೊಳಗಿನ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದ, ಸಡಿಲವಾದ ಅಡಾಪ್ಟರ್ ಬಿಸಿಯಾಗುತ್ತದೆ. ಮುಟ್ಟಿದಾಗ ಕೈಗೆ ಬಿಸಿ ತಾಗಿದರೆ, ಬಿಳಿಯ ಪ್ಲಾಸ್ಟಿಕ್ಕು ಕಂದಾಗಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಬೇಸಗೆಯಲ್ಲಿ ಇನ್ನೊಂದು ತೊಂದರೆ. ಮುರಕಲ್ಲಿನ ಗುಡ್ಡಗಳ ಮೇಲೆ ನೆಲ ಒಣಗಿ ಅರ್ತಿಂಗಿನ ಗುಂಡಿ ಸತ್ವ ಕಳೆದುಕೊಳ್ಳುತ್ತದೆ. ಇದ್ದಲು, ಉಪ್ಪು ಹಾಕಿ ಮಾಡಿದ ಹಳೆಯ ಗುಂಡಿಗೆ ಆಗಾಗ ನೀರು ಹೊಯ್ಯುವ ಹಿರಿಯರ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲೂ, ಅಕ್ಟೋಬರಿನಲ್ಲೂ ಗುಡುಗು-ಮಿಂಚು ಕರಾವಳಿಯಲ್ಲಿ ಸಾಮಾನ್ಯ. ಆಗ ಪ್ಲಗ್ಗು ಕೀಳುವುದಕ್ಕಿಂತ ಮೇಲಾದ ರಕ್ಷಣೆ ಇಲ್ಲ. ಸ್ವಿಚ್ ಆರಿಸಿದರೆ ಸಾಲದು. ಮನೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿಕೊಂಡರೆ, ಕರೆಂಟು ದಾರಿ ತಪ್ಪಿ ಮೈಮೂಲಕ ನೆಲಕ್ಕೆ ಹರಿಯತೊಡಗಿದಾಗ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ವಹಿಸಬಹುದು.

ಕೆಪಿಟಿಯಲ್ಲೋ ಸುರತ್ಕಲ್ಲಿನಲ್ಲೋ ಎಲೆಕ್ಟ್ರಿಕಲ್ ಓದುವವರಿಗೆ ಇದೆಲ್ಲ ಪಾಠದ ಪುಸ್ತಕದ ಮೊದಲ ಪುಟಗಳು. ಆದರೆ ಕಾಮರ್ಸ್, ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹೊರಡುವವರು ಅವರಿಗಿಂತ ಹೆಚ್ಚು. ಹೊರಡುವ ಹಿಂದಿನ ದಿನ ಉಪ್ಪಿನಕಾಯಿಯ ಬಾಟಲಿ ಸೋರದಿರಲೆಂದು ಎರಡೆರಡು ಪ್ಲಾಸ್ಟಿಕ್ ಸುತ್ತಿ, ಮೇಲೆ ಬಿಗಿಯಾಗಿ ದಾರ ಕಟ್ಟಿ, ಮತ್ತೊಮ್ಮೆ ಮಗುಚಿ ನೋಡುವ ಎಚ್ಚರ ಮಂಗಳೂರಿನ ಎಲ್ಲ ಮನೆಗಳಿಗೂ ಗೊತ್ತು. ಸೂಟ್‌ಕೇಸಿಗೆ ಹೋಗುವ ಪ್ರತಿಯೊಂದು ಯಂತ್ರವನ್ನೂ ಹಾಗೆಯೇ ಒಮ್ಮೆ ಮಗುಚಿ, ತಳದ ಚೀಟಿಯನ್ನು ತಂದೆಯೋ ತಾಯಿಯೋ ಮಕ್ಕಳ ಜೊತೆ ಕುಳಿತು ಗಟ್ಟಿಯಾಗಿ ಓದಲಿ. ಎರಡು ನಿಮಿಷದ ಕೆಲಸ. ಮಿಕ್ಸಿ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಬಳಸುವ ಕೈ ಉಳಿಯುತ್ತದೆ.